ಹಿಂಗಾರಿ ಬೆಳೆಯಂಥ ಲೀಗು

(ಹುಬ್ಬಳ್ಳಿಯ ರೈಲ್ವೆ ಕಾಲೊನಿಯಲ್ಲಿ ಮಕ್ಕಳು, ಪಾಲಕರು ಮತ್ತು ದೈಹಿಕ ಶಿಕ್ಷಕರ ಮುಂದೆ ಆಡಿದ ಮಾತುಗಳ ಬರಹ ರೂಪ)

ಮಕ್ಕಳೇ, ತಾಯಂದಿರೇ, ಮಾಸ್ತರರೇ, ಎಲ್ಲರಿಗೂ ಶರಣು.

ನನ್ನನ್ನು ಕರೆದವರು ಫುಟ್‌ಬಾಲ್ ಬಗ್ಗೆ ಏನಾದರೂ ಮಾತಾಡಿ ಎಂದಿದ್ದಾರೆ. ನಾನು ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವನು. ಭಾಷಣ ಮಾಡಿ ರೂಢಿಯಿಲ್ಲ. ಆದ್ದರಿಂದ ಒಂದೇ ಒಂದು ಹಂಗಾಮಿನ ಕಥೆ ಹೇಳುತ್ತೇನೆ. ಅದಕ್ಕೂ ಮೊದಲು, ಆ ಹಂಗಾಮು ನನ್ನ ತಲೆಯಲ್ಲಿ ಮತ್ತೆ ಮತ್ತೆ ಯಾಕೆ ಬರುತ್ತದೆ ಎನ್ನುವುದನ್ನು ಹೇಳಬೇಕು.

ಕಳೆದ ವರ್ಷ ನಮ್ಮ ಹದಿನಾಲ್ಕು ಹುಡುಗರನ್ನು ಕರಕೊಂಡು ಹಾವೇರಿ ಕಡೆಯ ಒಂದು ಟೂರ್ನಿಗೆ ಹೋಗಿದ್ದೆ. ನಸುಕಿನ ಐದಕ್ಕೆ ಎದ್ದು, ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೊರಟಿದ್ದೆವು. ಎಂಟಕ್ಕೆ ಎಂದಿದ್ದ ಪಂದ್ಯ ಹನ್ನೊಂದಕ್ಕೆ ಶುರುವಾಯಿತು. ಇಪ್ಪತ್ತಿಪ್ಪತ್ತು ನಿಮಿಷದ ಎರಡು ಅರ್ಧ. ಯಾರೂ ಗೋಲು ಹೊಡೆಯಲಿಲ್ಲ. ಟೈಬ್ರೇಕರ್‌ನಲ್ಲಿ, ಅಂದರೆ ಒಬ್ಬೊಬ್ಬರೇ ಗೋಲಿನತ್ತ ಪೆನಾಲ್ಟಿ ಒದೆಯುವ ಸರದಿಯಲ್ಲಿ, ನಮ್ಮವರು ಸೋತರು. ಹನ್ನೆರಡೂವರೆಗೆ ನಾವು ಸ್ಟೇಷನ್ನಿನ ದಾರಿ ಹಿಡಿದಿದ್ದೆವು. ರೈಲಿನಲ್ಲಿ ನಮ್ಮ ಎಡಗಡೆಯ ಬ್ಯಾಕ್, ಹದಿಮೂರು ವರ್ಷದ ಹುಡುಗ, ಕಿಟಕಿ ಕಡೆ ಮುಖ ಮಾಡಿ ಕೂತಿದ್ದ. ಬಹಳ ಹೊತ್ತಾದ ಮೇಲೆ ಕೇಳಿದ: "ಕಾಕಾ, ಮತ್ತ ಆಟ ಯಾವಾಗ?"

ಮುಂದಿನ ಟೂರ್ನಿ ಆರು ತಿಂಗಳ ನಂತರ ಇತ್ತು. ಅಲ್ಲಿ ಮೊದಲ ಸುತ್ತಿನಲ್ಲಿ ಸೋತರೆ ಮತ್ತೆ ಆರು ತಿಂಗಳು. ಹಾಗೆಂದು ಆ ಹುಡುಗನಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ನಮ್ಮ ಭಾಗದಲ್ಲಿ ಆಟವೆಂದರೆ ಜಾತ್ರೆಯ ಕುಸ್ತಿ. ಡೊಳ್ಳು ಬಾರಿಸುತ್ತದೆ, ಕಣ ತುಂಬುತ್ತದೆ, ಜೋಡಿ ಹಿಡಿಯುತ್ತದೆ, ಬೆನ್ನು ಮಣ್ಣಿಗೆ ತಾಗಿದರೆ ಮುಗಿಯಿತು. ಕುಸ್ತಿಗೆ ಅದು ಚಂದ. ಪೈಲ್ವಾನ ವರ್ಷವಿಡೀ ಗರಡಿಯಲ್ಲಿ ಮಣ್ಣು ಹೊತ್ತು ಬಂದಿರುತ್ತಾನೆ. ಫುಟ್‌ಬಾಲ್ ಕಲಿಯುವ ಹುಡುಗನಿಗೆ ಮಾತ್ರ ಪಂದ್ಯವೇ ಗರಡಿ. ಪಂದ್ಯ ಸಿಗದಿದ್ದರೆ ಅವನು ಕಲಿಯುವುದೆಲ್ಲಿ?

ಈಗ ನಾನು ಹೇಳಬೇಕೆಂದಿರುವ ಹಂಗಾಮಿಗೆ ಬರುತ್ತೇನೆ. 2013-14ರ ಐ-ಲೀಗ್. ಆಗ ಅದೇ ನಮ್ಮ ದೇಶದ ಮೊದಲ ದರ್ಜೆಯ ಫುಟ್‌ಬಾಲ್ ಲೀಗ್. ಇಂಡಿಯನ್ ಸೂಪರ್ ಲೀಗ್ ಇನ್ನೂ ಹುಟ್ಟಿರಲಿಲ್ಲ, ಅದು ಬಂದದ್ದು 2014ರ ಅಕ್ಟೋಬರಿನಲ್ಲಿ. ಐ-ಲೀಗ್ ಶುರುವಾದದ್ದು ಸೆಪ್ಟೆಂಬರಿನಲ್ಲಿ, ಮುಗಿದದ್ದು ಏಪ್ರಿಲಿನಲ್ಲಿ. ನವಲಗುಂದ, ರೋಣ, ಗದಗದ ಎರೆ ಹೊಲದವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಹಿಂಗಾರಿ ಜೋಳ ಬಿತ್ತುವ ಹೊತ್ತಿಗೆ ಲೀಗು ಶುರು. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲುವಾಗ ಅರ್ಧ ದಾರಿ. ರಾಶಿ ಮುಗಿದು ಬಿಸಿಲು ಏರಿದಾಗ ಲೀಗೂ ಮುಗಿಯುತ್ತದೆ. ನಡುವೆ ಒಂದು ದಿನ ಮಂಜು ಬಿತ್ತೆಂದು ಯಾರೂ ಹೊಲ ಬಿಟ್ಟು ಬರುವುದಿಲ್ಲ. ಲೀಗಿನಲ್ಲಿಯೂ ಹಾಗೆಯೇ. ಒಂದು ಪಂದ್ಯ ಸೋತರೆ ಮುಂದಿನ ವಾರ ಇನ್ನೊಂದು ಇದ್ದೇ ಇರುತ್ತದೆ.

ಆ ವರ್ಷ ಹದಿಮೂರು ತಂಡಗಳಿದ್ದವು. ಗೋವಾದಿಂದ ನಾಲ್ಕು: ಡೆಂಪೊ, ಚರ್ಚಿಲ್ ಬ್ರದರ್ಸ್, ಸಾಲ್ಗಾಂವ್ಕರ್, ಸ್ಪೋರ್ಟಿಂಗ್ ಕ್ಲಬ್. ಬಂಗಾಳದಿಂದಲೂ ನಾಲ್ಕು: ಈಸ್ಟ್ ಬೆಂಗಾಲ್, ಮೋಹನ್ ಬಾಗಾನ್, ಮೊಹಮ್ಮಡನ್ ಸ್ಪೋರ್ಟಿಂಗ್, ಯುನೈಟೆಡ್. ಶಿಲ್ಲಾಂಗಿನಿಂದ ಎರಡು, ಮುಂಬೈ, ಪುಣೆ ಒಂದೊಂದು. ಹದಿಮೂರನೆಯದು ಬೆಂಗಳೂರು ಎಫ್‌ಸಿ. ಎಲ್ಲರೂ ಎಲ್ಲರ ಎದುರು ಎರಡು ಸಲ ಆಡಬೇಕು, ಒಮ್ಮೆ ತಮ್ಮ ಊರಲ್ಲಿ, ಒಮ್ಮೆ ಅವರ ಊರಲ್ಲಿ. ಒಬ್ಬೊಬ್ಬರಿಗೆ 24 ಪಂದ್ಯ. ಗೆದ್ದರೆ 3 ಪಾಯಿಂಟ್, ಸಮವಾದರೆ 1, ಸೋತರೆ ಏನೂ ಇಲ್ಲ. ಫೈನಲ್ ಎನ್ನುವುದೇ ಇರಲಿಲ್ಲ. ಕೊನೆಗೆ ಯಾರ ಚೀಲದಲ್ಲಿ ಹೆಚ್ಚು ಕಾಳೋ ಅವರೇ ಚಾಂಪಿಯನ್.

ಹಿಂದಿನ ವರ್ಷ, 2012-13ರಲ್ಲಿ, ಇಡೀ ಲೀಗಿನಲ್ಲಿ ಕರ್ನಾಟಕದ ಒಂದು ತಂಡವೂ ಇರಲಿಲ್ಲ. 2011-12ರಲ್ಲಿ ಬೆಂಗಳೂರಿನ ವಿಮಾನ ಕಾರ್ಖಾನೆ ಎಚ್‌ಎಎಲ್‌ನ ತಂಡ ಕೆಳಗಿನ ದರ್ಜೆಗೆ ಇಳಿದಿತ್ತು. ಹಿರಿಯರಿಗೆ ಇದು ಎಷ್ಟು ನೋವಿನ ಸಂಗತಿಯಾಗಿತ್ತು ಎನ್ನುವುದು ಇಂದಿನ ಹುಡುಗರಿಗೆ ತಿಳಿದಿರಬೇಕು. ಸ್ವತಂತ್ರ ಭಾರತ ಮೊದಲ ಸಲ ಒಲಿಂಪಿಕ್ಸ್ ಆಡಿದ್ದು 1948ರಲ್ಲಿ, ಲಂಡನ್ನಿನಲ್ಲಿ. ಅಲ್ಲಿ ಫ್ರಾನ್ಸ್ ಎದುರು ನಮ್ಮ ದೇಶದ ಪರವಾಗಿ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಮೈಸೂರು ರಾಜ್ಯದ ತಂಡ ರಾಜ್ಯ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿಯನ್ನು ನಾಲ್ಕು ಸಲ ಗೆದ್ದಿತ್ತು, ಕೊನೆಯದು 1968-69ರಲ್ಲಿ. ಅಂಥ ರಾಜ್ಯಕ್ಕೆ ದೇಶದ ಲೀಗಿನಲ್ಲಿ ಜಾಗವಿಲ್ಲ.

ಎಚ್‌ಎಎಲ್‌ನಂಥ ಹಳೆಯ ತಂಡಗಳನ್ನೆಲ್ಲ ಸಾಕಿದವು ಕಾರ್ಖಾನೆಗಳು. ಬೆಳಿಗ್ಗೆ ಲೇಥ್ ಮೇಲೆ ಕೆಲಸ, ಸಂಜೆ ಆಟ. ನಮ್ಮ ಹುಬ್ಬಳ್ಳಿ ವರ್ಕ್‌ಶಾಪ್ 1885ರದು. ನಾನು ಕೆಲಸಕ್ಕೆ ಸೇರಿದಾಗ ಶಾಪಿನ ಹಿರಿಯರು ಪಾಳಿ ಮುಗಿಸಿ, ಎಣ್ಣೆ ಕೈ ಒರೆಸಿಕೊಂಡು, ಅದೇ ಖಾಕಿ ಪ್ಯಾಂಟನ್ನು ಮೊಣಕಾಲ ಮಟ ಮಡಚಿ ಬಯಲಿಗೆ ಬರುತ್ತಿದ್ದರು. 2013ರ ಹೊತ್ತಿಗೆ ದೇಶದ ಲೀಗಿನಲ್ಲಿ ಆ ಕಾಲವೇ ಮುಗಿಯಿತು. ಕ್ಲಬ್ ಲೈಸೆನ್ಸಿನ ಷರತ್ತು ಪೂರೈಸಲಾಗದೆ ಏರ್ ಇಂಡಿಯಾ, ಒಎನ್‌ಜಿಸಿ ತಂಡಗಳು ಹೊರಗೆ ಹೋದವು. ಷರತ್ತು ಬೇಕಾದದ್ದೇ. ಆದರೂ ಸಂಬಳದ ಜೊತೆ ಆಟ ಕೊಟ್ಟ ಆ ಸಂಸ್ಥೆಗಳ ಋಣ ದೊಡ್ಡದು ಎಂದೇ ನಾನು ನಂಬಿದ್ದೇನೆ.

ಅದೇ ಹೊತ್ತಿಗೆ ಫುಟ್‌ಬಾಲ್ ಫೆಡರೇಷನ್ ಹೊಸ ಊರುಗಳಿಂದ ತಂಡ ಕಟ್ಟುವವರನ್ನು ಕರೆಯಿತು. ಬೆಂಗಳೂರಿನ ಹಕ್ಕು ಜೆಎಸ್‌ಡಬ್ಲ್ಯು ಕಂಪನಿಗೆ ಸಿಕ್ಕಿತು. ಇಲ್ಲಿ ರೈಲಿನವರು ಸ್ವಲ್ಪ ಕಿವಿಗೊಡಬೇಕು. ಈ ಕಂಪನಿಯ ಉಕ್ಕಿನ ಕಾರ್ಖಾನೆ ಇರುವುದು ತೋರಣಗಲ್ಲಿನಲ್ಲಿ. ಗೋವಾದ ಮುರ್ಮಗಾಂವ್ ಬಂದರಿನಲ್ಲಿ ಇಳಿದ ಕಲ್ಲಿದ್ದಲು ಕುಳೆಂನಿಂದ ಕ್ಯಾಸಲ್ ರಾಕ್‌ವರೆಗೆ ಘಟ್ಟ ಹತ್ತುತ್ತದೆ. ಮೂವತ್ತೇಳು ಅಡಿಗೆ ಒಂದು ಅಡಿ ಏರುವ ದಾರಿ ಅದು, ಮುಂದೆ ಹಿಂದೆ ಎಂಜಿನ್ ಹಚ್ಚಿದರೂ ಗೂಡ್ಸ್ ಏದುಸಿರು ಬಿಡುತ್ತದೆ. ಆಮೇಲೆ ಲೋಂಡಾ, ಧಾರವಾಡ, ನಮ್ಮ ಹುಬ್ಬಳ್ಳಿ, ಗದಗ, ಕೊಪ್ಪಳ, ಹೊಸಪೇಟೆ ದಾಟಿ ತೋರಣಗಲ್ಲು. ಆ ಗಾಡಿಗಳ ಗಾಲಿ ಸಪ್ಪಳದಲ್ಲಿ ನಾವು ರಾತ್ರಿ ನಿದ್ದೆ ಮಾಡುವವರು. ಆ ಉಕ್ಕಿನ ದುಡ್ಡಿನಲ್ಲಿ ಒಂದು ಪಾಲು ಚೆಂಡಿನ ಹಿಂದೆ ಹೋಯಿತು ಎಂದು ಪೇಪರಿನಲ್ಲಿ ಓದಿದ ದಿನ, ಆ ಗೂಡ್ಸ್ ಗಾಡಿಗಳನ್ನು ನಾನು ಬೇರೆ ಕಣ್ಣಿನಿಂದ ನೋಡಿದೆ.

2013ರ ಜುಲೈ 20ರಂದು ಕ್ಲಬ್ ಹುಟ್ಟಿತು. ಸೆಪ್ಟೆಂಬರ್ 22ರಂದು ಮೊದಲ ಪಂದ್ಯ. ಎಣಿಸಿದರೆ 64 ದಿನ. ಒಂದು ಮದುವೆಗೆ ಚಪ್ಪರ ಹಾಕಲೂ ನಮ್ಮಲ್ಲಿ ಇಷ್ಟು ದಿನ ಓಡಾಡುತ್ತಾರೆ.

ಆ ರವಿವಾರದ ಪಂದ್ಯಕ್ಕೆ ನಾನು ಹೋಗಿದ್ದೆ. ಶನಿವಾರ ರಾತ್ರಿಯ ಗಾಡಿ ಹತ್ತಿ ಬೆಂಗಳೂರಿಗೆ ಇಳಿದು, ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂ ಹುಡುಕಿಕೊಂಡು ನಡೆದೆ. ಕೃತಕ ಹುಲ್ಲಿನ ಅಂಗಳ. ನಮ್ಮ ಎರೆ ಮಣ್ಣಿನ ಕಣ್ಣಿಗೆ ಅದು ಬಣ್ಣ ಬಳಿದ ಹಾಗೆ ಕಂಡಿತು. ಎದುರಾಳಿ ಮೋಹನ್ ಬಾಗಾನ್, ನೂರು ವರ್ಷ ದಾಟಿದ ಕ್ಲಬ್. ನಮ್ಮದು 64 ದಿನದ ಕೂಸು. ಆಸ್ಟ್ರೇಲಿಯಾದ ಶಾನ್ ರೂನಿ ಬೆಂಗಳೂರಿನ ಮೊಟ್ಟಮೊದಲ ಗೋಲು ಹೊಡೆದರು. ಬಾಗಾನಿನ ಸಬೀತ್ ಅದನ್ನು ತೀರಿಸಿದರು. 1-1. ಪಶ್ಚಿಮದ ಗ್ಯಾಲರಿಯಲ್ಲಿ ಹುಡುಗರು ನಿಂತೇ ಪಂದ್ಯ ನೋಡಿದರು, ಹಾಡು ನಿಲ್ಲಿಸಲಿಲ್ಲ. ಮುಂದೆ ಅವರನ್ನೇ ವೆಸ್ಟ್ ಬ್ಲಾಕ್ ಬ್ಲೂಸ್ ಎಂದು ದೇಶವೇ ಗುರುತಿಸಿತು.

ಆದರೆ ನನ್ನ ಕಣ್ಣು ಹೋದದ್ದು ಬೇರೆ ಕಡೆಗೆ. ಚೆಂಡು ಇಲ್ಲದವರು ಓಡುತ್ತಿದ್ದರು. ಚೆಂಡು ಕಳೆದುಕೊಂಡ ಕೂಡಲೇ ಮುಂದಿನ ಸಾಲಿನವರೇ ಅದನ್ನು ಕಸಿಯಲು ಬೀಳುತ್ತಿದ್ದರು. ನಾಯಕ ಸುನಿಲ್ ಚೆಟ್ರಿ, ದೇಶದ ಅತಿ ದೊಡ್ಡ ಆಟಗಾರ, ತಮ್ಮ ಅರ್ಧದ ತನಕ ಹಿಂದಕ್ಕೆ ಓಡಿ ಬಂದು ರಕ್ಷಣೆಗೆ ನಿಲ್ಲುತ್ತಿದ್ದರು. ನಮ್ಮ ಬಯಲಿನಲ್ಲಿ ಗೋಲು ಹೊಡೆಯುವ ಹುಡುಗನಿಗೆ ಹಿಂದೆ ಬಾ ಎಂದರೆ ಸಿಟ್ಟು ಬರುತ್ತದೆ. ಮುಂದೆ ಕೂತಿರುವ ನೀವು ಯಾರು ಯಾರು ಎನ್ನುವುದು ನನಗೆ ಗೊತ್ತು.

ಕೋಚ್ ಆಶ್ಲಿ ವೆಸ್ಟ್‌ವುಡ್, ಇಂಗ್ಲೆಂಡಿನವರು. ಮ್ಯಾಂಚೆಸ್ಟರ್ ಯುನೈಟೆಡ್‌ನ ಕಿರಿಯರ ಸಾಲಿನಲ್ಲಿ ಬೆಳೆದವರು, ಆಮೇಲೆ ಬ್ಲ್ಯಾಕ್‌ಬರ್ನ್ ರೋವರ್ಸ್‌ನಲ್ಲಿ ಸಹಾಯಕ ಕೋಚ್. ಮೈಕಟ್ಟು, ಊಟ, ನಿದ್ದೆ, ಈ ಮೂರರಲ್ಲಿ ಅವರು ರಾಜಿ ಮಾಡಿಕೊಳ್ಳಲಿಲ್ಲ. ಕೈಗೆ ಸಿಕ್ಕ ತಂಡವನ್ನು ನೋಡಿ. ರಕ್ಷಣೆಯ ನಡುವೆ ಇಂಗ್ಲೆಂಡಿನ ಜಾನ್ ಜಾನ್ಸನ್, ಕೀನ್ಯಾದ ಕರ್ಟಿಸ್ ಒಸಾನೊ. ಮಧ್ಯದಲ್ಲಿ ಲೈಬೀರಿಯಾದ ಜಾನಿ ಮೆನ್ಯಾಂಗರ್. ಮುಂದೆ ರೂನಿ, ಚೆಟ್ರಿ, ರಾಬಿನ್ ಸಿಂಗ್. ಬಲಗಡೆ ಕೇರಳದ ರಿನೊ ಆಂಟೊ, ಬದಿಯಲ್ಲಿ ಮಣಿಪುರದ ಥೋಯ್ ಸಿಂಗ್, ಮಿಜೋರಾಂನ ಬೈಖೋಖೈ. ಇವರಲ್ಲಿ ಹೆಚ್ಚಿನವರು ಕೊಲ್ಕತ್ತಾದ ದೊಡ್ಡ ಕ್ಲಬ್‌ಗಳು ಬಿಡದೆ ಹಿಡಿದಿಟ್ಟುಕೊಳ್ಳುವಂಥ ಹೆಸರುಗಳೇನೂ ಆಗಿರಲಿಲ್ಲ. ಕರ್ನಾಟಕದ ಹುಡುಗರು ಬೆರಳಲ್ಲಿ ಎಣಿಸುವಷ್ಟು ಮಾತ್ರ. ಅದು ನನಗೆ ಅಂದೂ ಚುಚ್ಚಿತ್ತು, ಇಂದೂ ಚುಚ್ಚುತ್ತದೆ. ಹುಡುಗರನ್ನು ಬೆಳೆಸದೆ ಇದ್ದದ್ದು ನಾವು. ತಂಡ ಕಟ್ಟಿದವರನ್ನು ದೂರಿ ಪ್ರಯೋಜನವಿಲ್ಲ.

ಈಗ ಹಂಗಾಮಿನ ನಡುವಿನ ಮಾತು. ಇದೇ ನನಗೆ ಬಹಳ ಮುಖ್ಯ. ಜನವರಿಯಲ್ಲಿ ಲೀಗಿನ ನಡುವೆಯೇ ಫೆಡರೇಷನ್ ಕಪ್ ನಡೆಯಿತು, ಕೇರಳದಲ್ಲಿ. ಅದು ಚಿಕ್ಕ ಟೂರ್ನಿ: ಗುಂಪಿನಲ್ಲಿ ಮೂರು ಪಂದ್ಯ, ಆಮೇಲೆ ನಾಕೌಟ್, ಸೋತರೆ ಹೊರಗೆ. ಬೆಂಗಳೂರು ಗುಂಪಿನಲ್ಲೇ ಹೊರಬಿತ್ತು. ಸೆಮಿಫೈನಲಿಗೆ ಬಂದ ನಾಲ್ಕೂ ತಂಡ ಗೋವಾದವು. ಕಪ್ ಗೆದ್ದದ್ದು ಚರ್ಚಿಲ್ ಬ್ರದರ್ಸ್, ಹಿಂದಿನ ವರ್ಷದ ಲೀಗ್ ಚಾಂಪಿಯನ್ ಕೂಡ ಅವರೇ. ಆ ರಾತ್ರಿ ಯಾರನ್ನಾದರೂ ಕೇಳಿದ್ದರೆ ದೇಶದ ಗಟ್ಟಿ ತಂಡ ಚರ್ಚಿಲ್ ಎಂದೇ ಹೇಳುತ್ತಿದ್ದರು. ಅದೇ ಚರ್ಚಿಲ್ ಆ ವರ್ಷ ಲೀಗಿನ ಪಟ್ಟಿಯಲ್ಲಿ ಕೆಳಗೆ ಒದ್ದಾಡಿತು. 2014-15ರ ಲೀಗಿನಲ್ಲಿ ಆ ಹೆಸರೇ ಇರಲಿಲ್ಲ.

ಇನ್ನೊಂದು ಕೇಳಿ. ಕೊಲ್ಕತ್ತಾದ ಮೊಹಮ್ಮಡನ್ ಸ್ಪೋರ್ಟಿಂಗ್ ಆ ಒಂದೇ ಹಂಗಾಮಿನಲ್ಲಿ ಡ್ಯುರಾಂಡ್ ಕಪ್ ಗೆದ್ದಿತು, ಐಎಫ್‌ಎ ಶೀಲ್ಡ್ ಗೆದ್ದಿತು. ಎರಡೂ ನೂರು ವರ್ಷ ಮೀರಿದ ಪ್ರತಿಷ್ಠೆಯ ಟೂರ್ನಿಗಳು. ಅದೇ ತಂಡ ಲೀಗಿನಿಂದ ಕೆಳಗಿಳಿಯಿತು.

ಇದನ್ನು ನಾನು ಬಹಳ ಸಲ ಯೋಚಿಸಿದ್ದೇನೆ. ಆ ತಂಡಗಳ ಗೆಲುವು ಸುಳ್ಳಲ್ಲ. ನಾಲ್ಕೈದು ಪಂದ್ಯದ ಕಾವಿನಲ್ಲಿ ಯಾವ ಒಳ್ಳೆಯ ತಂಡವೂ ಹೊತ್ತಿ ಉರಿಯಬಹುದು. ಹನ್ನೊಂದು ಜನ ಗಟ್ಟಿ ಇದ್ದರೆ ಸಾಕು, ಟೈಬ್ರೇಕರಿನಲ್ಲಿ ಗೋಲ್‌ಕೀಪರನ ಕೈ ಒಂದು ದಿನ ನಡೆದರೆ ಸಾಕು. ಲೀಗು ಕೇಳುವುದು ಬೇರೆಯದನ್ನು. ನವೆಂಬರಿನಲ್ಲಿ ಒಬ್ಬನ ಮೊಣಕಾಲು ಬಾತರೆ ಹದಿನಾಲ್ಕನೆಯವನು ಸಿದ್ಧನಿರಬೇಕು. ಶಿಲ್ಲಾಂಗಿನ ಚಳಿಯಲ್ಲಿ ಆಡಿ ನಾಲ್ಕೇ ದಿನಕ್ಕೆ ಗೋವಾದ ಸೆಕೆಯಲ್ಲಿ ನಿಲ್ಲಬೇಕು. ಹಿಂದಿನ ವಾರ ಸೋತ ತಂಡ ಮುಂದಿನ ವಾರ ತಲೆ ತಗ್ಗಿಸದೆ ಬರಬೇಕು. ಬೆಂಗಳೂರು ಆ ವರ್ಷ ಐದು ಪಂದ್ಯ ಸೋತಿತು, ಐದು ಸಮ ಮಾಡಿತು, ಹದಿನಾಲ್ಕು ಗೆದ್ದಿತು. 47 ಪಾಯಿಂಟ್. ಐದು ಸಲ ಸೋತ ತಂಡ ಚಾಂಪಿಯನ್! ನಮ್ಮ ಟೂರ್ನಿಗಳಲ್ಲಿ ಆ ತಂಡ ಐದು ಸಲ ಮನೆಗೆ ಹೋಗಿರುತ್ತಿತ್ತು.

ಪಾಯಿಂಟ್ ಪಟ್ಟಿ ಓದುವುದೂ ಒಂದು ವಿದ್ಯೆ. ಈಸ್ಟ್ ಬೆಂಗಾಲ್ ಆ ವರ್ಷ ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಟೂರ್ನಿಯಲ್ಲಿ ಸೆಮಿಫೈನಲ್‌ವರೆಗೆ ಹೋಗಿತ್ತು, ಕುವೈತ್ ತಂಡದ ಎದುರು ಸೋತು ಬಂತು. ಅದರಿಂದ ಲೀಗಿನಲ್ಲಿ ಅವರ ಪಂದ್ಯಗಳು ಹಿಂದೆ ಬಿದ್ದವು. ಪಟ್ಟಿಯಲ್ಲಿ ಕೆಳಗೆ ಕಂಡರೂ ಕೈಯಲ್ಲಿ ಪಂದ್ಯ ಉಳಿದಿದ್ದವು. ನವೆಂಬರಿನಲ್ಲಿ ಅವರಿಗೆ ಹೊಸ ಕೋಚ್ ಬಂದರು, ಅರ್ಮಾಂಡೊ ಕೊಲಾಸೊ. ಡೆಂಪೊಗೆ ಐದು ಸಲ ದೇಶದ ಲೀಗ್ ಗೆದ್ದುಕೊಟ್ಟವರು. ಹೀಗಾಗಿ ಬೆಂಗಳೂರು ಮೇಲೆ ಇದ್ದಾಗಲೂ ಹಿಂದಿನಿಂದ ಬರುವ ಹೆಜ್ಜೆ ಸಪ್ಪಳ ಕೊನೆಯವರೆಗೂ ಕೇಳುತ್ತಲೇ ಇತ್ತು. ಈಸ್ಟ್ ಬೆಂಗಾಲ್ ಮುಗಿಸಿದ್ದು 43 ಪಾಯಿಂಟಿಗೆ. 24 ಪಂದ್ಯಗಳ ಕೊನೆಗೆ ನಾಲ್ಕೇ ಪಾಯಿಂಟಿನ ಅಂತರ. ಸೆಪ್ಟೆಂಬರ್ 22ರ ಆ 1-1, ನನ್ನ ಪಕ್ಕದವರು 'ಹೋತು' ಎಂದು ತಲೆಗೆ ಕೈ ಹಚ್ಚಿಕೊಂಡ ಆ ಸಮ ಪಂದ್ಯ ಇದೆಯಲ್ಲ, ಅದರ ಒಂದು ಪಾಯಿಂಟೂ ಆ 47ರಲ್ಲಿ ಸೇರಿದೆ.

ಪಟ್ಟ ನಿರ್ಧಾರವಾದದ್ದು ಎಲ್ಲಿ ಗೊತ್ತೇ? ಮಡಗಾಂವಿನ ಫಾತೋರ್ಡಾದಲ್ಲಿ. ಐ-ಲೀಗ್ ಎಂಬ ಹೆಸರು ಬಂದ 2007-08ರಿಂದ ಆರು ವರ್ಷ, ಆರೂ ಸಲ ಗೆದ್ದದ್ದು ಗೋವಾದ ತಂಡಗಳೇ: ಡೆಂಪೊ ಮೂರು, ಚರ್ಚಿಲ್ ಎರಡು, ಸಾಲ್ಗಾಂವ್ಕರ್ ಒಂದು. ಆ ಗೋವಾದಲ್ಲೇ, ಆ ಡೆಂಪೊ ಎದುರೇ, 2014ರ ಏಪ್ರಿಲ್ 21ರಂದು ಬೆಂಗಳೂರು 4-2ರಿಂದ ಗೆದ್ದು, ಇನ್ನೊಂದು ಪಂದ್ಯ ಬಾಕಿ ಇರುವಾಗಲೇ ಚಾಂಪಿಯನ್ ಆಯಿತು. ಹುಬ್ಬಳ್ಳಿಯವರಿಗೆ ಮಡಗಾಂವ್ ಬೆಂಗಳೂರಿಗಿಂತ ಹತ್ತಿರ. ದೂಧಸಾಗರ ನೋಡುತ್ತ ಇಳಿದರೆ ಆಯಿತು. ಸೋಮವಾರ ಪಾಳಿ ಇತ್ತು, ರಜೆ ಸಿಗಲಿಲ್ಲ. ನಾಲ್ಕು ದಿನದ ಹಿಂದೆ, 17ಕ್ಕೆ, ಲೋಕಸಭೆಗೆ ಮತ ಹಾಕಿದ ಶಾಯಿ ಇನ್ನೂ ಬೆರಳ ಮೇಲೆ ಇತ್ತು. ನಮ್ಮ ಕಾಲೊನಿಯ ಇಬ್ಬರು ಹುಡುಗರು ಹೋಗಿದ್ದರು. ಅವರಲ್ಲಿ ಒಬ್ಬ ಫೋನ್ ಮಾಡಿದ. ಗದ್ದಲದಲ್ಲಿ ಮಾತು ತಿಳಿಯಲಿಲ್ಲ, "ಕಾಕಾ, ನಾಕು! ನಾಕು!" ಎಂದದ್ದಷ್ಟೇ ಕೇಳಿತು. ಮುರ್ಮಗಾಂವಿನಿಂದ ಕಲ್ಲಿದ್ದಲು ಹತ್ತಿ ಬರುವ ಅದೇ ಹಳಿಯ ಮೇಲೆ ಮರುದಿನ ಆ ಹುಡುಗರು ಮನೆಗೆ ಬಂದರು, ಗಂಟಲು ಕಟ್ಟಿ ಹೋಗಿತ್ತು.

ಚೆಟ್ರಿ ಆ ವರ್ಷ 14 ಗೋಲು ಹೊಡೆದರು. ಸಾಲ್ಗಾಂವ್ಕರಿನ ಡ್ಯಾರಿಲ್ ಡಫಿ, ಶಿಲ್ಲಾಂಗ್ ಲಾಜೊಂಗಿನ ಕಾರ್ನೆಲ್ ಗ್ಲೆನ್ ಅವರೂ ಅಷ್ಟೇ ಹೊಡೆದಿದ್ದರು. ಹೊರದೇಶದ ಮುಂಚೂಣಿ ಆಟಗಾರರೇ ಗೋಲು ಹೊಡೆಯುತ್ತಿದ್ದ ಲೀಗಿನಲ್ಲಿ ನಮ್ಮವರೊಬ್ಬರು ಅವರ ಸರಿಸಮ ನಿಂತರು.

ಆಮೇಲಿನದು ನಿಮಗೆ ಗೊತ್ತಿದೆ. ಬೆಂಗಳೂರು 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ಮುಟ್ಟಿತು, ಭಾರತದ ಯಾವ ಕ್ಲಬ್ಬೂ ಅದುವರೆಗೆ ಮುಟ್ಟಿರಲಿಲ್ಲ. 2017ರಲ್ಲಿ ಸೂಪರ್ ಲೀಗಿಗೆ ಹೋಯಿತು. ಅಲ್ಲಿನ ಮೊದಲ ಹಂಗಾಮಿನಲ್ಲಿ 18 ಪಂದ್ಯದಿಂದ 40 ಪಾಯಿಂಟ್ ಗಳಿಸಿ ಮೊದಲ ಸ್ಥಾನದಲ್ಲಿತ್ತು, ಎರಡನೆಯ ಚೆನ್ನೈಯಿನ್‌ಗೆ 32. ಆದರೆ ಸೂಪರ್ ಲೀಗಿನಲ್ಲಿ ಆಗ ಕೊನೆಗೆ ಫೈನಲ್ ಇತ್ತು. 2018ರ ಮಾರ್ಚ್ 17ರಂದು ಕಂಠೀರವದಲ್ಲಿ ಚೆನ್ನೈಯಿನ್ 3-2ರಿಂದ ಗೆದ್ದು ಕಪ್ ಒಯ್ದಿತು. ನಿಯಮ ಎಲ್ಲರಿಗೂ ಒಂದೇ, ಚೆನ್ನೈಯಿನ್ ಗೆಲುವಿಗೆ ನಾನು ಕೊರತೆ ಹೇಳುವುದಿಲ್ಲ. ಆದರೆ ನಾಲ್ಕು ತಿಂಗಳು ಬೆಳೆದದ್ದನ್ನು ಒಂದು ಸಂಜೆಯಲ್ಲಿ ಅಳೆಯುವ ಪದ್ಧತಿ ನನ್ನ ಮನಸ್ಸಿಗೆ ಹಿಡಿಸಿಲ್ಲ.

ಮಾಸ್ತರರೇ, ಈಗ ನಿಮ್ಮೊಂದಿಗೆ ಒಂದು ಲೆಕ್ಕ. ಹದಿನಾರು ತಂಡದ ನಾಕೌಟ್ ಟೂರ್ನಿಗೆ ಎಷ್ಟು ಪಂದ್ಯ ಬೇಕು? ಪ್ರತಿ ಪಂದ್ಯಕ್ಕೆ ಒಂದು ತಂಡ ಹೊರಗೆ, ಹದಿನೈದು ತಂಡ ಹೊರಗೆ ಹೋಗಬೇಕು, ಅಂದರೆ 15 ಪಂದ್ಯ. ಎಂಟು ತಂಡಗಳಿಗೆ ಒಂದೇ ಒಂದು ಪಂದ್ಯ ಸಿಗುತ್ತದೆ. ಈಗ ಆರು ತಂಡದ ಲೀಗು ಮಾಡಿ, ಎಲ್ಲರೂ ಎಲ್ಲರೊಂದಿಗೆ ಒಮ್ಮೆ ಆಡಲಿ. ಅದಕ್ಕೂ 15 ಪಂದ್ಯವೇ. ಅದೇ ಬಯಲು, ಅದೇ ಸೀಟಿ, ಅದೇ ಲಿಂಬೂ ಶರಬತ್ತಿನ ಖರ್ಚು. ಆದರೆ ಪ್ರತಿ ಹುಡುಗನಿಗೂ ಐದು ಪಂದ್ಯ. ಕೊನೆಯ ಸ್ಥಾನದ ತಂಡದ ಗೋಲ್‌ಕೀಪರನಿಗೂ ಐದು. ರವಿವಾರಕ್ಕೆ ಮೂರು ಪಂದ್ಯವೆಂದರೆ ಐದು ರವಿವಾರದಲ್ಲಿ ಮುಗಿಯಿತು. ಹದಿನಾರು ತಂಡ ಬಂದರೆ ಬೇರೆ ಬೇರೆ ಓಣಿಯಲ್ಲಿ ಮೂರು ಲೀಗು ಮಾಡೋಣ. ಬಹುಮಾನದ ದೊಡ್ಡ ಶೀಲ್ಡ್, ಬ್ಯಾಂಡು, ಪೆಂಡಾಲು ಬಿಟ್ಟರೆ ಆ ದುಡ್ಡಿನಲ್ಲಿ ಚೆಂಡು ಬರುತ್ತವೆ.

ಈ ವರ್ಷ ನಮ್ಮ ಕಾಲೊನಿಯ ಸುತ್ತಲಿನ ಆರು ತಂಡ ಸೇರಿಸಿ ಶುರು ಮಾಡಿದ್ದೇವೆ. ಮಳೆಗಾಲದಲ್ಲಿ ಎರೆ ಮಣ್ಣು ಕಾಲು ಬಿಡುವುದಿಲ್ಲ, ಆದ್ದರಿಂದ ಸೀಗಿ ಹುಣ್ಣಿಮೆ ಕಳೆದ ಮೇಲೆ ಆರಂಭ ಮಾಡಿದೆವು. ಪಾಯಿಂಟ್ ಪಟ್ಟಿಯನ್ನು ಒಂದು ಹಳೆಯ ಕರಿ ಹಲಗೆಯ ಮೇಲೆ ಬರೆದು ನನ್ನ ಮನೆಯ ಕಟ್ಟೆಗೆ ಆನಿಸಿದ್ದೇನೆ. ಸೋಮವಾರ ಶಾಲೆಗೆ ಹೋಗುವಾಗ ಹುಡುಗರು ನಿಂತು ಓದುತ್ತಾರೆ, ಬೆರಳು ಮಡಚಿ ಲೆಕ್ಕ ಹಾಕುತ್ತಾರೆ. ಹಾವೇರಿಯಿಂದ ಬರುವಾಗ ಕಿಟಕಿ ಕಡೆ ಮುಖ ಮಾಡಿದ್ದ ಹುಡುಗನ ತಂಡ ಮೂರು ಪಂದ್ಯದಲ್ಲಿ ಎರಡು ಸೋತಿದೆ, ಒಂದು ಸಮ. ನಿನ್ನೆ ಅವನು ಬಂದು, "ಕಾಕಾ, ಉಳದ ಎರಡೂ ಗೆದ್ದರ ನಮಗ ಏಳಾಗತಾವಲ್ಲ, ಮೂರನೇ ನಂಬರಿಗೆ ಸಾಕೇನು?" ಎಂದು ಕೇಳಿದ. ನಾವಿಬ್ಬರೂ ಹಲಗೆಯ ಮುಂದೆ ಕೂತು ಉಳಿದ ತಂಡಗಳ ಲೆಕ್ಕ ತೆಗೆದೆವು. ಸಾಕಾಗಬಹುದು. ಮೇಲಿನ ಎರಡು ತಂಡ ಒಬ್ಬರಿಗೊಬ್ಬರು ಆಡುವುದು ಇನ್ನೂ ಬಾಕಿ ಇದೆ.

ನಾಲ್ಕನೆಯ ಸುತ್ತು ಬರುವ ರವಿವಾರ, ಬೆಳಿಗ್ಗೆ ಏಳಕ್ಕೆ. ಗೆರೆ ಹಾಕಲು ಸುಣ್ಣ ತಂದಿದ್ದೇನೆ, ಆರೂವರೆಗೆ ಬಂದು ಕೈ ಹಚ್ಚಲು ಇಬ್ಬರು ದೊಡ್ಡವರು ಬೇಕು. ಶೂ ಇಲ್ಲದ ಹುಡುಗರೂ ಬರಲಿ.